ನಾನು ನನ್ನೊಳಗೆ ಇಲ್ಲದ ನಾಲ್ಕು ವರ್ಷ

ಶ್ರಾವಣ ಭಾದ್ರಪದದಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಆ ವಾಸನೆ ಗೊತ್ತಿರುತ್ತದೆ. ಕಿಟಕಿಯಿಂದ ಮೊದಲು ಜೇನಿನ ಹಾಗೆ ಸಿಹಿಯಾಗಿ ಬರುತ್ತದೆ, ಅದರ ಹಿಂದೆ ಒಣಹುಲ್ಲು, ಅದರ ಹಿಂದೆ ಸುಟ್ಟ ಸೌದೆ. ಹೊಲಗಳ ಅಂಚಿನಲ್ಲಿ ನಿಂತ ಎತ್ತರದ ಬ್ಯಾರನ್‌ಗಳೊಳಗೆ ಹೊಗೆಸೊಪ್ಪು ಬೇಯುತ್ತಿರುವ ವಾಸನೆ ಅದು. ನಮ್ಮೂರು ಆ ರಸ್ತೆಯಿಂದ ಎರಡು ಮೈಲಿ ಒಳಗೆ. ಊರಿನವರಿಗೆಲ್ಲ ಅದು ವರ್ಷದ ಅನ್ನದ ವಾಸನೆ. ನನಗೆ ಹನ್ನೊಂದು ತುಂಬುವವರೆಗೆ ಅದು ಚಿಕ್ಕಪ್ಪನ ಅಂಗಿಯ ವಾಸನೆಯಾಗಿತ್ತು.

ಮಾದೇವ ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ. ಮದುವೆಯಾಗಿರಲಿಲ್ಲ. ಸೊಪ್ಪಿನ ಕಾಲ ಬಂತೆಂದರೆ ಅವನ ಊಟ, ನಿದ್ದೆ ಎಲ್ಲ ಬ್ಯಾರನ್ ಪಕ್ಕದ ಚಪ್ಪರದಲ್ಲೇ. ಬ್ಯಾರನ್ ಅಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ, ಆ ಕಾವು ಒಳಗಿನ ನೆಲದ ಮೇಲೆ ಹಾಸಿದ ಕಬ್ಬಿಣದ ಪೈಪಿನಲ್ಲಿ ಹರಿಯುತ್ತದೆ, ಮೇಲೆ ಸಾಲು ಸಾಲು ಕಡ್ಡಿಗಳಲ್ಲಿ ಎಲೆ ತೂಗುತ್ತಿರುತ್ತದೆ. ಎಲೆಯನ್ನು ಕಡ್ಡಿಗೆ ದಾರದಿಂದ ಕಟ್ಟುವುದು ಹೆಂಗಸರ ಮತ್ತು ಮಕ್ಕಳ ಕೆಲಸ. ಅವ್ವ, ಅಜ್ಜಿ, ಸ್ಕೂಲಿಲ್ಲದ ದಿನ ನಾನು, ಚಪ್ಪರದಡಿ ಕೂತು ಕಟ್ಟುತ್ತಿದ್ದೆವು. ನನಗೆ ಕಲಿಸಿದ್ದು ಚಿಕ್ಕಪ್ಪನೇ. ಮೂರು ಎಲೆ ಈ ಕಡೆ, ಮೂರು ಎಲೆ ಆ ಕಡೆ, ದಾರ ಸುತ್ತಿ ಎಳೆ.

"ಬಿಗಿಯಾಗಿ ಎಳಿ ಕಣವ್ವ ಸವಿ," ಅನ್ನುತ್ತಿದ್ದ. "ಒಂದೆಲೆ ಜಾರಿ ಪೈಪಿನ ಮ್ಯಾಲೆ ಬಿದ್ರೆ ಸಾಕು, ಇಡೀ ಬ್ಯಾರನ್ನೇ ಓಯ್ತದೆ."

ಗದರಿಸಿ ಹೇಳಿದ ಮಾತಲ್ಲ ಅದು. ಎಲ್ಲ ಮಕ್ಕಳಿಗೂ ಎಲ್ಲ ಮನೆಯಲ್ಲೂ ಹೇಳುವ ಮಾತು. ಹೇಳಿ, ನನ್ನ ಕಡ್ಡಿಯನ್ನು ಎತ್ತಿ ಒಂದು ಸಲ ಕೊಡವಿ ನೋಡಿ, ನಗುತ್ತಾ ಒಳಗೆ ತೆಗೆದುಕೊಂಡು ಹೋಗುತ್ತಿದ್ದ.

ಅದು ಭಾನುವಾರದ ಮಧ್ಯಾಹ್ನ. ಅಪ್ಪ ಸೌದೆ ತರಲು ಹೋಗಿದ್ದರು. ನಾನು ಚಪ್ಪರದಡಿ ದಾರದ ಉಂಡೆ ಹಿಡಿದು ಕೂತಿದ್ದೆ. ಬ್ಯಾರನ್ ತಲೆಯ ಮೇಲಿಂದ ಬರುವ ಹೊಗೆಯ ಬಣ್ಣ ಬದಲಾಗಿದ್ದನ್ನು ಮೊದಲು ನೋಡಿದ್ದು ಅಜ್ಜಿ. ಅವಳು ಕೂಗಿದಳು. ಚಿಕ್ಕಪ್ಪ ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿ ತಲೆಯ ಮೇಲೆ ಹಾಕಿಕೊಂಡು, ಬಾಗಿಲು ತೆರೆದು ಒಳಗೆ ನುಗ್ಗಿದ. ಬಾಗಿಲು ತೆರೆದದ್ದೇ ತಡ, ಒಳಗಿನ ಬೆಂಕಿ ಉಸಿರೆಳೆದುಕೊಂಡ ಹಾಗಾಯಿತು. ಹೆಂಚುಗಳು ಸಿಡಿಯತೊಡಗಿದವು. ಆಮೇಲೆ ಮಾಡು ಕುಸಿಯಿತು.

ನನಗೆ ನೆನಪಿರುವುದು ಶಬ್ದ ನಿಂತುಹೋದದ್ದು. ಅವ್ವನ ಬಾಯಿ ತೆರೆದಿತ್ತು, ಅದರಿಂದ ಏನೂ ಬರುತ್ತಿರಲಿಲ್ಲ. ಹೆಂಚುಗಳು ಹೂವು ಉದುರಿದ ಹಾಗೆ ಮೆತ್ತಗೆ ಉದುರುತ್ತಿದ್ದವು. ಹಳದಿ ಲಂಗದ ಒಬ್ಬಳು ಹುಡುಗಿ ಉಂಡೆ ಹಿಡಿದು ನಿಂತಿದ್ದಳು, ಅವಳ ಕೈಯಿಂದ ದಾರ ಬಿಚ್ಚಿಕೊಂಡು ನೆಲದ ಮೇಲೆ ಉರುಳುತ್ತಿತ್ತು. ನಾನು ಅವಳನ್ನು ಎಲ್ಲೋ ಮೇಲಿನಿಂದ, ಹೊಂಗೆಮರದ ತುದಿಯಿಂದ ಎಂಬಂತೆ, ನೋಡುತ್ತಿದ್ದೆ. ಪಾಪ ಯಾರ ಮಗುವೋ ಅನ್ನಿಸಿತು. ಆ ಹುಡುಗಿಯ ತಲೆಯಲ್ಲಿ ಒಂದೇ ಒಂದು ಯೋಚನೆ ಇತ್ತು, ಅದು ನನಗೆ ಸ್ಪಷ್ಟವಾಗಿ ಕೇಳಿಸಿತು: ಜಾರಿದ್ದು ನನ್ನ ಎಲೆ. ನನ್ನ ಗಂಟು ಸಡಿಲವಾಗಿತ್ತು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮುಂದಿನದೆಲ್ಲ ಅಲ್ಲಿಂದ ಶುರುವಾಯಿತು.

ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರೆಲ್ಲ ನನ್ನನ್ನು ನೋಡಿ ಗಟ್ಟಿ ಮಗು ಅಂದರು. ಅತ್ತಿರಲಿಲ್ಲವಲ್ಲ. ಕರೆದರೆ ಬರುತ್ತಿದ್ದೆ, ಕೊಟ್ಟರೆ ತಿನ್ನುತ್ತಿದ್ದೆ. ಆದರೆ ನಾನು ಅಲ್ಲಿರಲಿಲ್ಲ. ಕೆರೆಯ ನೀರಿನೊಳಗೆ ಮುಳುಗಿ ಕಣ್ಣು ಬಿಟ್ಟರೆ ದಡದ ಮೇಲಿನವರು ಹೇಗೆ ಕಾಣುತ್ತಾರೋ ಹಾಗೆ ಮನೆಯವರು ಕಾಣುತ್ತಿದ್ದರು. ಬೆಳಕೆಲ್ಲ ಸ್ವಲ್ಪ ಅಲುಗಾಡುತ್ತಿತ್ತು. ತಟ್ಟೆಯ ಮುಂದೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದೆ, ಈ ಬೆರಳುಗಳು ತಾವಾಗಿ ಹೇಗೆ ಮುದ್ದೆ ಮುರಿಯುತ್ತಿವೆ ಎಂದು ಆಶ್ಚರ್ಯವಾಗುತ್ತಿತ್ತು. ಒಂದು ರೀತಿಯಲ್ಲಿ ಅದು ಹಿತವಾಗಿಯೇ ಇತ್ತು. ನಿಜವನ್ನೇ ಬರೆಯಬೇಕೆಂದು ಕೂತಿರುವುದರಿಂದ ಇದನ್ನೂ ಹೇಳುತ್ತಿದ್ದೇನೆ. ಆ ನೀರಿನೊಳಗೆ ಏನೂ ನೋಯುತ್ತಿರಲಿಲ್ಲ.

ಅವ್ವ ಒಗ್ಗರಣೆಗೆ ಸಾಸಿವೆ ಹಾಕಿದಾಗ ಮಾತ್ರ ನೀರು ಒಡೆಯುತ್ತಿತ್ತು. ಸಾಸಿವೆ ಸಿಡಿಯುವ ಶಬ್ದಕ್ಕೆ ನಾನು ಎದ್ದು ಓಡಿಹೋಗಿ ಕೊಟ್ಟಿಗೆಯ ಹಿಂದೆ ಕೂತಿರುತ್ತಿದ್ದೆ. ಓಡಿದ್ದು ಗೊತ್ತಾಗುತ್ತಿರಲಿಲ್ಲ, ಕೂತಿರುವುದಷ್ಟೇ ಗೊತ್ತಾಗುತ್ತಿತ್ತು. ಅವ್ವ ಕೆಲವು ದಿನ ಹುಡುಕಿ ಕರೆದುಕೊಂಡು ಬಂದಳು. ಆಮೇಲೆ ಏನೂ ಹೇಳದೆ ಒಗ್ಗರಣೆ ಹಾಕುವುದನ್ನೇ ಬಿಟ್ಟಳು. ಎಷ್ಟೋ ತಿಂಗಳು ನಮ್ಮ ಮನೆಯಲ್ಲಿ ಉಪ್ಸಾರು, ಒಗ್ಗರಣೆಯಿಲ್ಲದ ಪಲ್ಯ. ಅಪ್ಪ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಕಾಯಿಲೆಗೆ ಹೆಸರು ಸಿಗುವ ಮೊದಲೇ ಸಿಕ್ಕ ಮೊದಲ ಮದ್ದು ಅದು ಎಂದು ಈಗ ತಿಳಿಯುತ್ತದೆ.

ಇನ್ನೊಂದು ತೊಂದರೆ ಯಾರಿಗೂ ಅರ್ಥವಾಗದ್ದು. ನನಗೆ ಗಂಟು ಹಾಕಲು ಬರುತ್ತಿರಲಿಲ್ಲ. ಲಂಗದ ಲಾಡಿ, ಜಡೆಯ ಟೇಪು, ಶೂ ದಾರ, ಯಾವುದನ್ನೂ ಕಟ್ಟಲು ಆಗುತ್ತಿರಲಿಲ್ಲ. ದಾರ ಕೈಗೆ ಬಂದ ಕೂಡಲೇ ಬೆರಳುಗಳು ತಣ್ಣಗಾಗಿ ಬೇರೆ ಯಾರದೋ ಆಗಿಬಿಡುತ್ತಿದ್ದವು. ಬೆಳಿಗ್ಗೆ ಅವ್ವನೇ ಎಲ್ಲ ಕಟ್ಟಿ ಕಳಿಸುತ್ತಿದ್ದಳು. ಒಂದು ದಿನ ಸ್ಕೂಲಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ಜಡೆಯ ಟೇಪು ಸಡಿಲಾಗಿ ಭುಜದ ಮೇಲೆ ಜಾರಿತು. ನಾನು ಕಿರುಚಿದೆನಂತೆ. ಎಷ್ಟು ಕಿರುಚಿದೆನೆಂದರೆ ಪಕ್ಕದ ಓಣಿಯ ಜನ ಓಡಿಬಂದರು. ಮೇಷ್ಟ್ರು ಅಪ್ಪನನ್ನು ಕರೆಸಿ, ಮಗುವಿಗೆ ಗಾಳಿ ಸೋಕಿರಬಹುದು, ಯಾರಿಗಾದರೂ ತೋರಿಸಿ ಎಂದರು.

ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಬೆಂಕಿಯಲ್ಲಿ ಹೋದವನು, ಆಸೆ ಉಳಿದಿದೆ, ಮಗುವಿನ ಮೇಲೆ ಪ್ರಾಣ ಇಟ್ಟುಕೊಂಡಿದ್ದ. ನನ್ನನ್ನು ಎರಡು ಮೂರು ಕಡೆ ಕರೆದುಕೊಂಡು ಹೋದಳು. ಒಂದು ಕಡೆ ಮುಖಕ್ಕೆ ತಣ್ಣೀರು ಎರಚಿದರು, ಒಂದು ಕಡೆ ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು. ಕೊನೆಗೆ ಒಬ್ಬರು ಮಂತ್ರಿಸಿದ ಕಪ್ಪು ದಾರವನ್ನು ನನ್ನ ಮಣಿಕಟ್ಟಿಗೆ ಏಳು ಗಂಟು ಹಾಕಿ ಕಟ್ಟಿದರು. ಮನೆಗೆ ಬರುವಷ್ಟರಲ್ಲಿ ನಾನದನ್ನು ಹಲ್ಲಿನಿಂದ ಕಚ್ಚಿ ಹರಿದಿದ್ದೆ. ಅಜ್ಜಿ ಜಗಲಿಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಅವಳ ಮೇಲೆ ಕೋಪವಿಲ್ಲ, ಆಗಲೂ ಇರಲಿಲ್ಲ. ಅವಳ ಮಗನೇ ಹೋಗಿದ್ದ. ಅವನು ಯಾವ ರೂಪದಲ್ಲಿ ಬಂದಿದ್ದರೂ, ದೆವ್ವವಾಗಿ ಬಂದಿದ್ದರೂ, ಅವಳಿಗೆ ಬೇಕಾಗಿತ್ತೋ ಏನೋ.

ಮುಂದಿನ ಮಳೆಗಾಲಕ್ಕೆ ಅಪ್ಪ ಬ್ಯಾರನ್ನನ್ನು ಮತ್ತೆ ಕಟ್ಟಿಸಿದರು. ಕಟ್ಟಿಸದೆ ವಿಧಿಯಿರಲಿಲ್ಲ, ನಾವು ಉಣ್ಣುತ್ತಿದ್ದದ್ದು ಅದರಿಂದಲೇ. ಶ್ರಾವಣ ಬಂತು. ಒಂದು ಬೆಳಿಗ್ಗೆ ಎದ್ದಾಗ ಊರ ತುಂಬ ಆ ಸಿಹಿ ವಾಸನೆ. ಬಾಗಿಲು ಹಾಕಿದರೂ ಬರುತ್ತಿತ್ತು, ಹಾಸಿಗೆಗೆ ಮುಖ ಒತ್ತಿದರೂ ಬರುತ್ತಿತ್ತು. ನಮ್ಮದೊಂದೇ ಬ್ಯಾರನ್ ಆಗಿದ್ದರೆ ಆರಿಸಬಹುದಿತ್ತು. ಇಡೀ ತಾಲ್ಲೂಕನ್ನು ಯಾರು ಆರಿಸುತ್ತಾರೆ?

ಮುಂದಿನದು ನನಗೆ ಗೊತ್ತಿರುವುದು ಬೇರೆಯವರು ಹೇಳಿದ್ದರಿಂದ. ಸ್ಕೂಲಿಗೆಂದು ಹೊರಟವಳು ಸ್ಕೂಲು ದಾಟಿ ನಡೆದಿದ್ದೇನೆ. ಎರಡು ಮೈಲಿ ನಡೆದು ಟಾರು ರಸ್ತೆ ಸೇರಿ, ಅಲ್ಲಿಂದ ಪಿರಿಯಾಪಟ್ಟಣದವರೆಗೂ ನಡೆದಿದ್ದೇನೆ. ನನಗೆ ನೆನಪಿರುವುದು ರಸ್ತೆ ಬದಿಯ ಮರಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದದ್ದು, ನಾನು ನಡೆಯುತ್ತಿರಲಿಲ್ಲ, ಅವೇ ನಡೆಯುತ್ತಿದ್ದವು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದವಳನ್ನು ನಮ್ಮ ಊರಿನ ಬಸ್ಸಿನ ಕಂಡಕ್ಟರು ಮುಖದಿಂದ ಗುರುತು ಹಿಡಿದು, ಯಾರ ಮಗಳು ಎಂದು ಕೇಳಿದರಂತೆ; ನಾನು ಹೇಳಲಿಲ್ಲವಂತೆ. ಗೊತ್ತಿಲ್ಲ ಎಂದೆನಂತೆ. ಅವರೇ ಸಾಯಂಕಾಲದ ಟ್ರಿಪ್ಪಿಗೆ ಮನೆಯವರೆಗೂ ಬಂದು ಬಿಟ್ಟು ಹೋದರು. ಅವ್ವ ನನ್ನ ಪಾದಗಳನ್ನು ಬಿಸಿನೀರಿನಲ್ಲಿ ತೊಳೆದಳು. ಬೊಬ್ಬೆ ಒಡೆದು ರಕ್ತ ಬಂದಿತ್ತು. ನನಗೆ ನೋವಾಗುತ್ತಿಲ್ಲ ಎಂಬುದನ್ನು ಅವಳು ನೋಡಿದಳು. ತೊಳೆಯುವ ಕೈ ನಿಂತಿತು. ಮಾರನೇ ದಿನವೇ ನನ್ನನ್ನು ಕರೆದುಕೊಂಡು ತವರಿಗೆ ಹೊರಟಳು.

ಅವ್ವನ ತವರು ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ. ಕಬಿನಿ ಅಣೆಕಟ್ಟಿನ ಕೆಳಗೇ ಊರು. ನನ್ನ ಮಾವ ನೀರಾವರಿ ಇಲಾಖೆಯಲ್ಲಿ ಕಾಲುವೆ ತೂಬು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲಿ ಹೊಗೆಸೊಪ್ಪಿನ ವಾಸನೆ ಇರಲಿಲ್ಲ. ನೀರಿನ ವಾಸನೆ, ಪಾಚಿಯ ವಾಸನೆ, ಭತ್ತದ ಎಳೆಗದ್ದೆಯ ವಾಸನೆ. ಬೆಳಿಗ್ಗೆ ಹಿನ್ನೀರಿನ ಮೇಲೆ ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ, ಆಚೆ ಕಡೆ ಕಾಕನಕೋಟೆಯ ಕಾಡು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮುಳುಗಿಹೋದ ಕಾಡಿನ ಒಣ ಬೊಡ್ಡೆಗಳು ನೀರಿನಿಂದ ಮೇಲೆದ್ದು ಮಂಜಿನಲ್ಲಿ ತೇಲುತ್ತಿದ್ದವು. ಮಾವ ಸೈಕಲ್ಲಿನ ಮುಂದಿನ ಸರಳಿನ ಮೇಲೆ ನನ್ನನ್ನು ಕೂರಿಸಿಕೊಂಡು ಕಾಲುವೆ ಏರಿಯ ಮೇಲೆ ಹೋಗುತ್ತಿದ್ದರು. ಮಾತಾಡುತ್ತಿರಲಿಲ್ಲ. ತೂಬಿನ ಚಕ್ರ ತಿರುಗಿಸುವಾಗ ನನ್ನ ಕೈಯನ್ನೂ ಅದರ ಮೇಲೆ ಇಡಿಸುತ್ತಿದ್ದರು. ಕಬ್ಬಿಣ ತಣ್ಣಗಿರುತ್ತಿತ್ತು, ಕೆಳಗೆ ನೀರು ಗುಡುಗುತ್ತಿತ್ತು. ಹೊರಗಿನ ಜಗತ್ತೂ ನನ್ನೊಳಗಿನ ಹಾಗೇ ಮಸುಕಾಗಿ, ಅಲುಗುತ್ತಾ ಇದ್ದದ್ದರಿಂದಲೋ ಏನೋ ನನಗೆ ಅಲ್ಲಿ ಉಸಿರಾಡಲು ಸಲೀಸಾಗಿತ್ತು.

ಆ ಊರಿಗೆ ವಾರಕ್ಕೊಮ್ಮೆ ಒಬ್ಬ ನರ್ಸಮ್ಮ ಬರುತ್ತಿದ್ದರು. ಕೇರಳದ ಕಡೆಯವರು, ಎಷ್ಟೋ ವರ್ಷದಿಂದ ಈ ಸೀಮೆಯಲ್ಲೇ ಇದ್ದವರು. ಮಕ್ಕಳಿಗೆ ಚುಚ್ಚುಮದ್ದು, ಬಸುರಿಯರಿಗೆ ಮಾತ್ರೆ ಅವರ ಕೆಲಸ. ನನ್ನ ಪಾದದ ಗಾಯಕ್ಕೆ ಬ್ಯಾಂಡೇಜು ಬದಲಿಸಲು ಮಾವನ ಮನೆಯ ಜಗಲಿಗೆ ಬಂದರು. ಬಟ್ಟೆ ಸುತ್ತಿ, ತುದಿಯನ್ನು ನನ್ನ ಕೈಗೆ ಕೊಟ್ಟು, ಗಂಟು ಹಾಕಿಕೋ ಎಂದರು. ನನ್ನ ಕೈ ಅಲ್ಲೇ ನಿಂತಿತು. ಅವರು ಕಾದರು. ನನ್ನ ಮುಖ ನೋಡಿದರು, ಕಣ್ಣಿನ ಮುಂದೆ ಬೆರಳಾಡಿಸಿದರು, ಹೆಸರು ಹಿಡಿದು ಕರೆದರು. ಆಮೇಲೆ ಅವ್ವನನ್ನು ಒಳಗೆ ಕರೆದು, ಏನಾಯಿತು, ಮಗು ಏನನ್ನು ನೋಡಿತು ಎಂದು ಕೇಳಿದರು. ಆ ಒಂದು ವರ್ಷದಲ್ಲಿ ಹಾಗೆ ಕೇಳಿದ ಮೊದಲನೆಯವರು ಅವರೇ. ಮಗುವಿಗೆ ಏನಾಗಿದೆ ಎಂದು ಎಲ್ಲರೂ ಕೇಳಿದ್ದರು. ಮಗು ಏನನ್ನು ನೋಡಿತು ಎಂದು ಕೇಳಿದ್ದು ಅವರು.

ಅವ್ವ ಎಲ್ಲ ಹೇಳಿದಳು. ನರ್ಸಮ್ಮ ಹೊರಗೆ ಬಂದು ನನ್ನ ಪಕ್ಕ ಕೂತು ಬ್ಯಾಂಡೇಜನ್ನು ತಾವೇ ಕಟ್ಟಿದರು.

"ಇದು ದೆವ್ವ ಅಲ್ಲ ಮೋಳೇ," ಎಂದರು. ಅವರ ಭಾಷೆಯಲ್ಲಿ ಮಗಳೇ ಎಂದು. "ಕಾಲಿಗೆ ಗಾಯ ಆಗಿದೆ ಅಲ್ವಾ, ಹಂಗೇ ಮನಸ್ಸಿಗೂ ಆಗಿದೆ. ಅದಕ್ಕೂ ಡಾಕ್ಟರು ಉಂಟು. ಮೈಸೂರಲ್ಲಿ."

ಚೀಟಿಯ ಮೇಲೆ ಆಸ್ಪತ್ರೆಯ ಹೆಸರು, ಯಾವ ವಾರ ಹೋಗಬೇಕು ಎಂಬುದನ್ನು ಬರೆದುಕೊಟ್ಟರು.

ಊರಿನಿಂದ ಬಂದ ಅಪ್ಪ ಒಪ್ಪಲಿಲ್ಲ. ಮಾವನ ಮನೆಯ ಹಿತ್ತಿಲಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದದ್ದು ನನಗೆ ಕೇಳಿಸಿತು.

"ಉಚ್ಚಾಸ್ಪತ್ರೆಗೆ ಓಯ್ತಾಳೆ ಅಂತ ಊರಿಗೆ ಗೊತ್ತಾದ್ರೆ ನಾಳೆ ಯಾರು ಎಣ್ಣು ಕೇಳ್ತಾರೆ?"

ಅವ್ವ ಯಾವತ್ತೂ ಅಪ್ಪನಿಗೆ ಎದುರು ಮಾತಾಡಿದವಳಲ್ಲ. ಅವತ್ತು ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ತಲೆ ಎತ್ತದೆಯೇ ಹೇಳಿದಳು. "ಎಣ್ಣು ಅಂತ ಒಂದು ಇದ್ರೆ ತಾನೆ ಕೇಳೋದು. ಮೊದ್ಲು ನನ್ ಮಗು ನನ್ ಕೈಗೆ ಸಿಗ್ಲಿ. ನೀವು ಬರ್ದೆ ಇದ್ರೆ ನಮ್ಮಣ್ಣನ್ನ ಕರ್ಕೊಂಡು ಓಯ್ತೀನಿ."

ಅಪ್ಪ ಬಂದರು.

ಆ ಆಸ್ಪತ್ರೆಯ ಮೊಗಸಾಲೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎತ್ತರದ ಸೂರು, ಅರ್ಧದವರೆಗೆ ಹಸಿರು ಬಣ್ಣ ಬಳಿದ ಗೋಡೆ, ಉದ್ದದ ಮರದ ಬೆಂಚುಗಳು. ಸೀಮೆಯ ನಾಲ್ಕೂ ಕಡೆಯಿಂದ ಬಂದ ಜನ, ಎಲ್ಲರೂ ಸ್ವಲ್ಪ ಮುಖ ಮರೆಸಿಕೊಂಡೇ ಕೂತಿದ್ದರು. ಊರಿನ ಹೆಸರನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅಪ್ಪ ಟವಲ್ಲನ್ನು ತಲೆಗೆ ಸುತ್ತಿ ಹುಬ್ಬಿನವರೆಗೂ ಎಳೆದುಕೊಂಡಿದ್ದರು. ನಮ್ಮ ಎದುರಿನ ಬೆಂಚಿನಲ್ಲಿ ಕೆ.ಆರ್. ನಗರದ ಕಡೆಯವರೆಂದು ಆಮೇಲೆ ತಿಳಿದ ಒಬ್ಬ ಹೆಂಗಸು, ತನ್ನ ತಂಗಿಯನ್ನು ಕರೆದುಕೊಂಡು ಬಂದಿದ್ದರು. ಎರಡನೇ ಸಲ ಹೋದಾಗಲೂ ಅವರು ಅಲ್ಲೇ ಇದ್ದರು, ಮೂರನೇ ಸಲವೂ. ಮೂರನೇ ಸಲ ಅವರು ಮಡಿಲಿನಿಂದ ಬೇಯಿಸಿದ ಕಡಲೆಕಾಯಿ ತೆಗೆದು ನನ್ನ ಮುಂದೆ ಸುರಿದು, ಅಪ್ಪನಿಗೆ, ನೀವೂ ತಗೊಳಿ ಅಣ್ಣ, ಇಲ್ಲಿ ಕೂತವರೆಲ್ಲ ಒಂದೇ ಊರಿನೋರು ಎಂದರು. ಅಪ್ಪ ಟವಲ್ಲು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು ಕಡಲೆಕಾಯಿ ಸುಲಿದರು. ಆಮೇಲೆ ಅವರು ಅಲ್ಲಿ ಟವಲ್ಲು ಸುತ್ತಿದ್ದನ್ನು ನಾನು ನೋಡಲಿಲ್ಲ.

ಡಾಕ್ಟರು ಐವತ್ತು ದಾಟಿದ ಹೆಂಗಸು. ಕನ್ನಡಕವನ್ನು ಹಣೆಯ ಮೇಲೆ ಏರಿಸಿ ಮರೆತುಬಿಡುತ್ತಿದ್ದರು. ಇಂಥ ಆಸ್ಪತ್ರೆಯಲ್ಲಿ ಹಾಸಿಗೆಗೆ ಕಟ್ಟುತ್ತಾರೆ, ಕರೆಂಟು ಕೊಡುತ್ತಾರೆ ಎಂದು ಸ್ಕೂಲಿನ ಹುಡುಗಿಯರು ಹಿಂದೆ ಹೇಳಿದ್ದರಿಂದ ನಾನು ಮೊದಲ ದಿನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರು ಒಳಗೆ ಬಾ ಎನ್ನಲಿಲ್ಲ. ಅಲ್ಲಿಂದಲೇ ಕಿಟಕಿಯ ಆಚೆ ಏನು ಕಾಣುತ್ತದೆ ಹೇಳು ಎಂದರು. ಮರ ಎಂದೆ. ಏನು ಮರ ಎಂದರು. ಆಕಾಶಮಲ್ಲಿಗೆ ಎಂದೆ. ಎಷ್ಟು ಕಾಗೆ ಎಂದರು. ಎಣಿಸಿದೆ. ಪಾದದ ಕೆಳಗೆ ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಎಂದರು. ಅದನ್ನು ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ನನಗೆ ಪಾದಗಳಿವೆ ಎಂಬುದು ನೆನಪಿಗೆ ಬರಬೇಕಿತ್ತು. ತಣ್ಣಗಿದೆ ಎಂದೆ. ಇವತ್ತಿಗೆ ಸಾಕು ಎಂದರು.

ಎರಡು ಮೂರು ಭೇಟಿಯ ನಂತರ ಡಾಕ್ಟರು ಅಪ್ಪ ಅವ್ವ ಇಬ್ಬರನ್ನೂ ಕೂರಿಸಿ ಕಾಯಿಲೆಗೆ ಒಂದು ಹೆಸರಿದೆ ಎಂದು ತಿಳಿಸಿದರು. ದೊಡ್ಡ ಆಘಾತ ಕಂಡವರಿಗೆ ಬರುವಂಥದ್ದು, ಮಕ್ಕಳಿಗೂ ಬರುತ್ತದೆ, ಮಗು ನಾಟಕವಾಡುತ್ತಿಲ್ಲ, ಹುಚ್ಚಲ್ಲ, ಗುಣವಾಗಬಹುದು, ನಿಧಾನ. ಅಪ್ಪ ಆ ಇಂಗ್ಲಿಷ್ ಹೆಸರನ್ನು ಬಸ್ ಟಿಕೆಟ್ಟಿನ ಹಿಂಬದಿಗೆ ಕನ್ನಡದ ಅಕ್ಷರದಲ್ಲಿ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡರು. ಊರಿನಲ್ಲಿ ಯಾರಾದರೂ ಕೇಳಿದರೆ ಟಿಕೆಟ್ಟು ತೆಗೆದು ಓದಿ ಹೇಳುತ್ತಿದ್ದರು. ಹೆಸರಿರುವ ಕಾಯಿಲೆ ಎಂದ ಮೇಲೆ ಜನ ಸುಮ್ಮನಾಗುತ್ತಿದ್ದರು.

ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆವು. ಸೊಪ್ಪಿನ ಕಾಲದಲ್ಲಿ ಬೀಚನಹಳ್ಳಿಯಿಂದ, ಉಳಿದಂತೆ ಊರಿನಿಂದ. ಸ್ವಲ್ಪ ದಿನ ಮಾತ್ರೆಯೂ ಇತ್ತು. ಡಾಕ್ಟರು ನನ್ನಿಂದ ಜೇಡಿಮಣ್ಣಿನಲ್ಲಿ ಏನೇನೋ ಮಾಡಿಸಿದರು. ಬೆಂಕಿಯ ಬಗ್ಗೆ ಕೇಳಲಿಲ್ಲ. ನಾನು ಹೇಳುವವರೆಗೆ ಕಾದರು. ಐದನೆಯದೋ ಆರನೆಯದೋ ತಿಂಗಳು, ಮಣ್ಣಿನಲ್ಲಿ ಒಂದು ಎತ್ತರದ ಕೋಣೆ ಮಾಡಿದೆ. ಅದಕ್ಕೆ ಬಾಗಿಲು ಮಾಡಲಿಲ್ಲ. ಬಾಗಿಲು ಎಲ್ಲಿ ಎಂದು ಅವರು ಕೇಳಿದರು. ಬಾಗಿಲು ಇದ್ದರೆ ಚಿಕ್ಕಪ್ಪ ಒಳಗೆ ಹೋಗುತ್ತಾನೆ ಎಂದೆ. ಹಾಗೆಂದ ಮೇಲೆ ಉಳಿದದ್ದು ತಾನಾಗಿ ಬಂತು. ನನ್ನ ಗಂಟು. ನನ್ನ ಎಲೆ. ನನ್ನ ಬಾಯಿ ಹೇಳುತ್ತಿತ್ತು, ನಾನು ಕೇಳುತ್ತಿದ್ದೆ. ಒಂದೂವರೆ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಇಷ್ಟು ಚಿಕ್ಕದಿತ್ತೇ ಎಂದು ಆಶ್ಚರ್ಯವಾಯಿತು.

ಡಾಕ್ಟರು ಸಮಾಧಾನ ಹೇಳಲಿಲ್ಲ. ಇದನ್ನು ನಿಮ್ಮಪ್ಪನ ಎದುರು ಹೇಳುತ್ತೀಯಾ, ನಾನು ಇಲ್ಲೇ ಇರುತ್ತೇನೆ ಎಂದರು. ಅಪ್ಪನನ್ನು ಕರೆದರು. ನಾನು ಹೇಳಿದೆ. ನೆಲ ನೋಡುತ್ತಾ ಹೇಳಿದೆ.

ಅಪ್ಪ ನನ್ನ ಕಡೆ ನೋಡದೆ ಡಾಕ್ಟರಿಗೆ ಹೇಳಿದರು.

"ಮೇಡಮ್ಮೋರೆ, ಪೈಪು ತೂತು ಬಿದ್ದಿತ್ತು. ಮಾದೇವ ಯೋಳಿದ್ದ, ಬದ್ಲಾಯ್ಸುಬುಡಣ ಕಣಣ್ಣ ಅಂತ. ಈ ಸಲ ಇಂಗೇ ಓಗ್ಲಿ ಬುಡು ಅಂತ ಮಣ್ಣು ಮೆತ್ತಿದ್ದೋನು ನಾನು. ಕಿಡಿ ಅಲ್ಲಿಂದ ಬಂದದೆ. ಮಗೀನ ಗಂಟಿಗೂ ಅದುಕ್ಕೂ ಸಂಬಂದ ಇಲ್ಲ. ನಾನು ಕೊಂದೆ ನನ್ ತಮ್ಮನ್ನ."

ಅಪ್ಪನ ಬಾಯಿಂದ ಚಿಕ್ಕಪ್ಪನ ಹೆಸರು ಬಂದದ್ದು ಒಂದೂವರೆ ವರ್ಷದಲ್ಲಿ ಅದೇ ಮೊದಲು. ಅವರು ಟವಲ್ಲಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ನಾನು ಅದನ್ನು ನೋಡಿದೆ, ನೀರಿನೊಳಗಿನಿಂದಲ್ಲ, ಬರಿಗಣ್ಣಿನಿಂದ ನೋಡಿದೆ.

ಡಾಕ್ಟರು ಕನ್ನಡಕ ಇಳಿಸಿ ಇಬ್ಬರನ್ನೂ ನೋಡಿದರು. "ಎಲೆಯಿಂದ ಹತ್ತಿತೋ, ತೂತಿನಿಂದ ಹತ್ತಿತೋ, ಇನ್ನು ಯಾರಿಗೂ ಗೊತ್ತಾಗಲ್ಲ," ಎಂದರು. "ಗೊತ್ತಿಲ್ಲ ಅಂತ ಬದುಕೋದು ಕಷ್ಟ. ಅದಕ್ಕಿಂತ ನಂದೇ ತಪ್ಪು ಅಂದುಕೊಳ್ಳೋದು ಸುಲಭ. ನೀವಿಬ್ಬರೂ ಅದನ್ನೇ ಮಾಡಿದ್ದೀರಿ."

ಹಿಂದಿರುಗುವ ಬಸ್ಸಿನಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡು ಕೂತರು. ಬಿಳಿಕೆರೆ ದಾಟಿತು, ಹುಣಸೂರು ಬಂತು, ಬಿಡಲಿಲ್ಲ. ಅವರ ಅಂಗೈ ಒರಟು, ಬಿಸಿ, ಬೆವರು. ಅದೆಲ್ಲ ನನಗೆ ತಿಳಿಯುತ್ತಿತ್ತು.

ಅವತ್ತಿಗೇ ಗುಣವಾಗಿಬಿಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇಂಥ ಮಗುವಿನ ತಾಯಿಯೋ ತಂದೆಯೋ ಇದ್ದರೆ, ಅಥವಾ ಆ ಮಗುವೇ ಇದ್ದರೆ, ಅವರಿಗಾಗಿ ಹೇಳುತ್ತಿದ್ದೇನೆ. ಅದು ಹೋಗುತ್ತದೆ, ಮತ್ತೆ ಬರುತ್ತದೆ. ಒಂಬತ್ತನೇ ಕ್ಲಾಸಿನಲ್ಲಿ ಆರು ತಿಂಗಳು ಚೆನ್ನಾಗಿದ್ದವಳು, ಪರೀಕ್ಷೆಯ ದಿನ ಉತ್ತರ ಪತ್ರಿಕೆಗಳನ್ನು ಸೇರಿಸಿ ಕಟ್ಟಲು ದಾರ ಕೊಟ್ಟಾಗ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತೆ. ಇನ್ವಿಜಿಲೇಟರ್ ಆಗಿ ಬಂದಿದ್ದ ಮೇಡಮ್ಮು ಏನೂ ಕೇಳದೆ ತಾವೇ ಕಟ್ಟಿ ಇಟ್ಟುಕೊಂಡರು. ಬ್ಯಾರನ್ ಹತ್ತಿರ ಹೋಗುವುದನ್ನು ಡಾಕ್ಟರು ಅಂಗುಲ ಅಂಗುಲವಾಗಿ ಕಲಿಸಿದರು. ಬೇಸಿಗೆಯಲ್ಲಿ, ಒಲೆ ತಣ್ಣಗಿರುವಾಗ, ಮೊದಲು ಹೊಲದ ಬದುವಿನವರೆಗೆ. ಒಂದು ತಿಂಗಳ ನಂತರ ಚಪ್ಪರದವರೆಗೆ. ಪ್ರತಿ ಸಲವೂ ಅಪ್ಪ ಪಕ್ಕದಲ್ಲಿ. ಭಯವಾದರೆ ಪಾದದ ಕೆಳಗಿನ ಮಣ್ಣು ಹೇಗಿದೆ ಎಂದು ನಾನು ಅಪ್ಪನಿಗೆ ಹೇಳಬೇಕು. ಅಪ್ಪನೂ ತಮ್ಮ ಪಾದದ ಕೆಳಗಿನದನ್ನು ಹೇಳುತ್ತಿದ್ದರು. ಅವರಿಗೆ ಡಾಕ್ಟರು ಹೇಳಿರಲಿಲ್ಲ, ಅವರೇ ಶುರು ಮಾಡಿಕೊಂಡದ್ದು. ಎರಡನೆಯ ಬೇಸಿಗೆಯಲ್ಲಿ ಇಬ್ಬರೂ ಖಾಲಿ ಬ್ಯಾರನ್ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತೆವು. ಮೇಲಿನ ಕಿಂಡಿಯಿಂದ ಒಂದು ಬಿಸಿಲುಕೋಲು ಇಳಿದಿತ್ತು, ಅದರಲ್ಲಿ ದೂಳು ತಿರುಗುತ್ತಿತ್ತು. ಅಷ್ಟೇ ಇತ್ತು ಅಲ್ಲಿ.

ಈಗ ನಾನು ಕೆ.ಆರ್. ನಗರದಲ್ಲಿದ್ದೇನೆ. ಸುತ್ತ ಭತ್ತದ ಗದ್ದೆಗಳ ಸೀಮೆ. ಗಂಡ, ಒಬ್ಬಳು ಮಗಳು, ಪ್ರೈಮರಿ ಸ್ಕೂಲಿನಲ್ಲಿ ಕೆಲಸ. ಮದುವೆಗೆ ಮೊದಲೇ ಗಂಡನಿಗೆ ಎಲ್ಲ ಹೇಳಿದ್ದೆ. ಅವರು, ನನಗೂ ಕಾಯಿಪಲ್ಯಕ್ಕೆ ಒಗ್ಗರಣೆ ಇಲ್ಲದಿದ್ದರೆ ನಡೆಯುತ್ತದೆ ಎಂದರು. ಆದರೆ ನಾನೇ ಹಾಕುತ್ತೇನೆ, ಈಗ ಹಾಕಬಲ್ಲೆ. ವರ್ಷಕ್ಕೆ ಒಂದೆರಡು ದಿನ, ಯಾವ ಕಾರಣವೂ ಇಲ್ಲದೆ, ಬೆಳಕು ಅಲುಗಾಡತೊಡಗುತ್ತದೆ, ಜನ ದೂರ ಸರಿಯುತ್ತಾರೆ. ಆಗ ಒಂದು ಕಡೆ ಕೂತು ಕಾಯುತ್ತೇನೆ. ಮೊದಲಿನ ಹಾಗೆ ಹೆದರುವುದಿಲ್ಲ.

ಹೇಳಬೇಕಾದ ಒಂದು ದಿನ ಉಳಿದಿದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕೂತಿದ್ದೆವು. ನಮ್ಮ ಮನೆಯಲ್ಲಿ ಅಜ್ಜಿಯ ಒಂದು ಕಟ್ಟುನಿಟ್ಟಿತ್ತು: ತಟ್ಟೆಗೆ ಬಿದ್ದ ಮುದ್ದೆ ಆರಬಾರದು. ಆರಿದ ಮುದ್ದೆ ಉಂಡವನ ಮೈಗೆ ಹತ್ತುವುದಿಲ್ಲ ಎಂದು ಬಡಿಸಿದ ಗಳಿಗೆಯಿಂದಲೇ ಅವಸರ ಮಾಡುತ್ತಿದ್ದಳು. ಅವತ್ತು ಅವ್ವ ಹುರುಳಿಕಾಳಿನ ಸಾರು ಮಾಡಿದ್ದಳು. ಅಪ್ಪ ಒಂದು ತುತ್ತು ನುಂಗಿ, ಯಾರನ್ನೂ ನೋಡದೆ, ಮಾದೇವಂಗೆ ಈ ಸಾರು ಅಂದ್ರೆ ಪ್ರಾಣ ಎಂದರು.

ನಾಲ್ಕು ವರ್ಷದಲ್ಲಿ ಆ ಮನೆಯೊಳಗೆ ಯಾರೂ ಆ ಹೆಸರು ಹೇಳಿರಲಿಲ್ಲ. ಅವ್ವನ ಕೈ ಸೌಟಿನ ಮೇಲೇ ನಿಂತಿತು. ನಾವೆಲ್ಲ ಅಜ್ಜಿಯನ್ನು ನೋಡಿದೆವು.

ಅಜ್ಜಿ ಸ್ವಲ್ಪ ಹೊತ್ತು ಗೋಡೆ ನೋಡಿದಳು. ಆಮೇಲೆ ಚಿಕ್ಕಪ್ಪನಿಗೆ ಆರೇಳು ವರ್ಷವಿದ್ದಾಗ ಸಾರಿನ ಮಡಕೆಯೊಳಗೆ ತಲೆ ಹಾಕಿ ಕಾಳು ನೆಕ್ಕಲು ಹೋಗಿ ಮಡಕೆ ಕತ್ತಿಗೆ ಸಿಕ್ಕಿಹಾಕಿಕೊಂಡದ್ದನ್ನು ಹೇಳತೊಡಗಿದಳು. ಬೀದಿಯಲ್ಲೆಲ್ಲ ಮಡಕೆ ಹೊತ್ತು ಓಡಿದ್ದು, ಎಮ್ಮೆ ಹೆದರಿ ಹಗ್ಗ ಕಿತ್ತದ್ದು, ತಾತ ಕೋಲು ಹಿಡಿದು ಹಿಂದೆ ಓಡಿದ್ದು. ಒಡೆದ ಮಡಕೆಯ ಬಾಯಿ ಮಾತ್ರ ಕತ್ತಿನಲ್ಲಿ ಮಾಲೆಯ ಹಾಗೆ ಉಳಿದಿತ್ತಂತೆ, ಆಗಲೂ ಅವನು ಮೂತಿಯ ಮೇಲಿನ ಸಾರು ನೆಕ್ಕುತ್ತಿದ್ದನಂತೆ. ಅಪ್ಪ ನಕ್ಕರು. ಅವ್ವ ನಕ್ಕಳು. ನನಗೂ ನಗು ಬಂತು, ಮತ್ತು ನಗುತ್ತಿದ್ದಾಗ ಚಿಕ್ಕಪ್ಪನ ಮುಖ ಕಂಡಿತು. ಬೆಂಕಿ ಇರಲಿಲ್ಲ, ಬಾಗಿಲು ಇರಲಿಲ್ಲ, ಗೋಣಿಚೀಲ ಇರಲಿಲ್ಲ. ಬರೀ ಮುಖ. ಮುಂದಿನ ಹಲ್ಲು ಒಂದರ ಮೇಲೊಂದು ಏರಿದ್ದು, ನಕ್ಕಾಗ ಎಡಗಣ್ಣು ಮೊದಲು ಮುಚ್ಚಿಕೊಳ್ಳುತ್ತಿದ್ದದ್ದು. ಅದನ್ನು ನಾನು ಮರೆತೇಬಿಟ್ಟಿದ್ದೆ.

ಅವನು ಇನ್ನು ಇಲ್ಲ ಎಂದು ನನಗೆ ತಿಳಿದದ್ದು ಆಗ. ನಾನು ಅಳತೊಡಗಿದೆ. ಸಣ್ಣ ಮಗುವಿನ ಹಾಗೆ, ಮೂಗು ಸುರಿಸುತ್ತಾ, ಕೈಗೆ ಮುದ್ದೆ ಮೆತ್ತಿಕೊಂಡೇ. ಅವ್ವ ಹೆದರಿ ಎದ್ದಳು, ಅಪ್ಪ ನನ್ನ ತಟ್ಟೆ ಸರಿಸಲು ಹೋದರು. ಅಜ್ಜಿ ಇಬ್ಬರನ್ನೂ ಕೈ ಮಾಡಿ ತಡೆದಳು. ತನ್ನ ಜಾಗದಿಂದ ಸರಿದು ಬಂದು ನನ್ನ ಪಕ್ಕ ಕೂತು, ಬೆನ್ನ ಮೇಲೆ ಕೈ ಇಟ್ಟಳು.

"ಅಳ್ಲಿ ಬುಡಿ," ಎಂದಳು. "ಅಳು ಕಣವ್ವ. ಮುದ್ದೆ ಆರೋದ್ರೆ ಆರೋಗ್ಲಿ."